ಎಲೆಕ್ಟ್ರಾನಿಕ್ ಸಿಟಿಯಿಂದ ಚಂದಾಪುರದವರೆಗೆ: ಕಡಿಮೆ ಕಾಸಿನಲ್ಲಿ ಒಳ್ಳೆಯ ಊಟದ ಜಾಗ ಹುಡುಕುವುದು ಹೇಗೆ?

ಎಲೆಕ್ಟ್ರಾನಿಕ್ ಸಿಟಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ತಿಂಗಳು ಕಣ್ಣಿಗೆ ಬೀಳುವುದು ಎರಡೇ ದಾರಿ. ಒಂದು, ಪಿ.ಜಿ.ಯ ನೀರು ಸಾರು. ಇನ್ನೊಂದು, ಮೊಬೈಲ್‌ನಲ್ಲಿ ಆರ್ಡರ್ ಮಾಡಿದ ಇನ್ನೂರು ಮುನ್ನೂರು ರೂಪಾಯಿಯ ಪಾರ್ಸಲ್. ಆದರೆ ಹೊಸ ರೋಡ್ ದಾಟಿ ಬೊಮ್ಮಸಂದ್ರ, ಚಂದಾಪುರದವರೆಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಬಿಸಿ ಊಟ ಹಾಕುವ ಹೋಟೆಲು, ಮೆಸ್ಸು, ಖಾನಾವಳಿ, ತಿಂಡಿ ಗಾಡಿಗಳು ಬೇಕಾದಷ್ಟಿವೆ. ಅವುಗಳ ಹೆಸರಿನ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಭಟ್ಟರು ಕೆಲಸ ಬಿಟ್ಟರೆ, ಬಾಡಿಗೆ ಏರಿದರೆ, ಆರು ತಿಂಗಳಲ್ಲಿ ಅದೇ ಬೋರ್ಡಿನ ಕೆಳಗೆ ಬೇರೆಯೇ ರುಚಿ ಇರುತ್ತದೆ. ಹುಡುಕುವ ಕ್ರಮ ಗೊತ್ತಿದ್ದರೆ ಯಾವ ಬಡಾವಣೆಗೆ ಹೋದರೂ ಒಂದೆರಡು ವಾರದಲ್ಲಿ ನಿಮ್ಮ ಹೊಟ್ಟೆಗೆ ಹೊಂದುವ ನಾಲ್ಕು ಜಾಗ ಸಿಗುತ್ತವೆ.

ಇಡೀ ಕ್ರಮ ನಿಂತಿರುವುದು ಒಂದೇ ಮಾತಿನ ಮೇಲೆ: ಅಗ್ಗದ ಒಳ್ಳೆಯ ಹೋಟೆಲು ಬದುಕುವುದು ನಾಳೆಯೂ ಬರುವ ಗಿರಾಕಿಯಿಂದ. ಹೆದ್ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಹೋಗುವವನಿಗೆ ಹಳಸಲು ಚಟ್ನಿ ಹಾಕಿದರೂ ಮಾಲೀಕನಿಗೆ ನಷ್ಟವಿಲ್ಲ. ಪಕ್ಕದ ಫ್ಯಾಕ್ಟರಿಯ ಇಪ್ಪತ್ತು ಜನಕ್ಕೆ ಹಾಕಿದರೆ ಮರುದಿನವೇ ಅಷ್ಟೂ ಜನ ಎದುರಿನ ಗಾಡಿಗೆ ಹೋಗುತ್ತಾರೆ. ಹಾಗಾಗಿ ಬೋರ್ಡು ಹುಡುಕಬೇಡಿ, ದಿನಾ ತಿನ್ನುವವರು ಎಲ್ಲಿ ತಿನ್ನುತ್ತಾರೆ ಎಂದು ಹುಡುಕಿ.

ಯಾರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಮೊದಲು ತಿಳಿಯಿರಿ

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ಈ ಹುಡುಕಾಟ ಸುಲಭವಾಗಿದೆ. ಹೊಸ ರೋಡ್, ಬೆರಟೇನ ಅಗ್ರಹಾರ, ಎಲೆಕ್ಟ್ರಾನಿಕ್ ಸಿಟಿ, ಕೋನಪ್ಪನ ಅಗ್ರಹಾರ, ಹುಸ್ಕೂರು ರಸ್ತೆ, ಹೆಬ್ಬಗೋಡಿ, ಬೊಮ್ಮಸಂದ್ರ, ಇಷ್ಟೂ ಒಂದೇ ಸಾಲಿನಲ್ಲಿವೆ. ದಿನಕ್ಕೊಂದು ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆ ನಡೆದರೆ ಸಾಕು.

ನಿಲ್ದಾಣದ ಬಾಗಿಲಲ್ಲೇ, ಸರ್ವಿಸ್ ರಸ್ತೆಯ ಮೇಲೇ ಇರುವ ಅಂಗಡಿಗಳನ್ನು ಸದ್ಯಕ್ಕೆ ಬಿಡಿ. ಅಲ್ಲಿ ಬಾಡಿಗೆ ಜಾಸ್ತಿ, ಆ ಬಾಡಿಗೆ ನಿಮ್ಮ ದೋಸೆಯ ಬೆಲೆಯಲ್ಲೇ ಸೇರಿರುತ್ತದೆ. ಮುಖ್ಯರಸ್ತೆಯಿಂದ ಒಳಕ್ಕೆ ಎರಡನೇ ಅಥವಾ ಮೂರನೇ ಅಡ್ಡರಸ್ತೆಗೆ ಹೋಗಿ. ದೊಡ್ಡತೋಗೂರಿನ ಹಳೇ ಊರಿನ ಓಣಿಗಳು, ಶಿಕಾರಿಪಾಳ್ಯದ ಕಡೆಯ ಪಿ.ಜಿ. ಸಾಲು, ಹೆಬ್ಬಗೋಡಿಯ ಒಳರಸ್ತೆಗಳು, ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಗೇಟುಗಳ ಸುತ್ತಮುತ್ತ, ಇವೆಲ್ಲ ಒಳ್ಳೆಯ ಹುಡುಕು ತಾಣಗಳು. ನೀಲಾದ್ರಿ ರಸ್ತೆಯಲ್ಲಿ ಆಯ್ಕೆ ಬಹಳ, ಆದರೆ ಬೆಲೆಯೂ ಆಫೀಸಿನವರ ಜೇಬಿಗೆ ತಕ್ಕ ಹಾಗೆ.

ಯಾರು ಕೆಲಸ ಮಾಡುತ್ತಾರೋ ಅವರ ಊರಿನ ಅಡುಗೆ ಅಲ್ಲಿ ಚೆನ್ನಾಗಿರುತ್ತದೆ. ಇದು ತಪ್ಪುವುದು ಅಪರೂಪ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯನ್ನೇ ನೋಡಿ. ಪಶ್ಚಿಮ ಬಂಗಾಳದಿಂದ ಹೃದಯದ ಚಿಕಿತ್ಸೆಗೆ ಬರುವವರು ಬಹಳ, ಜೊತೆಗೆ ಬಂದವರು ವಾರಗಟ್ಟಲೆ ಅಲ್ಲೇ ಉಳಿಯುತ್ತಾರೆ. ಹಾಗಾಗಿ ಆಸ್ಪತ್ರೆಯ ಸುತ್ತ ಬಂಗಾಳಿ ಅಕ್ಷರದ ಬೋರ್ಡುಗಳು ಸಾಲುಸಾಲಾಗಿವೆ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ರೋಹು ಮೀನಿನ ಸಾರು ಮನೆ ಊಟದಷ್ಟೇ ಹಗುರವಾಗಿ ಸಿಗುತ್ತದೆ. ಫ್ಯಾಕ್ಟರಿಗಳ ಹಿಂದಿನ ವಠಾರಗಳ ಕಡೆ ಒಡಿಶಾ, ಅಸ್ಸಾಂ, ಬಿಹಾರದ ಕಾರ್ಮಿಕರು ತಿನ್ನುವ ಅನ್ನದ ಹೋಟೆಲುಗಳಿವೆ. ಪಿ.ಜಿ.ಗಳ ನಡುವೆ ಆಂಧ್ರ ಮೆಸ್ಸು, ಕೇರಳ ಮೆಸ್ಸು. ಅತ್ತಿಬೆಲೆಯ ಕಡೆ ಹೋದಷ್ಟೂ ತಮಿಳುನಾಡಿನ ಹೊಸೂರು ಹತ್ತಿರವಾಗುತ್ತದೆ, ಪರೋಟ ಸಾಲ್ನ, ಆಂಬೂರು ಬಿರಿಯಾನಿ ಜಾಸ್ತಿಯಾಗುತ್ತವೆ. ಹಳೇ ಊರುಗಳಾದ ಹುಸ್ಕೂರು, ಹೆಬ್ಬಗೋಡಿ, ಚಂದಾಪುರದಲ್ಲಿ ಮುದ್ದೆ ಊಟ ಹುಡುಕಿ. ಬಂಗಾಳಿ ಹೋಟೆಲಿನಲ್ಲಿ ಮಸಾಲೆ ದೋಸೆ, ಮುದ್ದೆ ಹೋಟೆಲಿನಲ್ಲಿ ಫ್ರೈಡ್ ರೈಸ್ ಕೇಳಿ ಬೇಸರಪಟ್ಟುಕೊಳ್ಳಬೇಡಿ. ಪ್ರತಿ ಅಡುಗೆಮನೆಗೂ ಕೈ ಕುದುರಿದ ಎರಡು ಮೂರು ಐಟಂ ಇರುತ್ತವೆ, ಉಳಿದದ್ದು ಬೋರ್ಡು ತುಂಬಿಸಲು.

ಮ್ಯಾಪ್‌ನಲ್ಲಿ ಹುಡುಕುವುದಾದರೆ ಬರೀ ‘ಹೋಟೆಲ್’ ಎಂದು ಹೊಡೆಯಬೇಡಿ, ಲಾಡ್ಜುಗಳೆಲ್ಲ ಬರುತ್ತವೆ. ‘ಮೆಸ್’, ‘ಖಾನಾವಳಿ’, ‘ಮುದ್ದೆ ಊಟ’, ‘ಮಿಲಿಟರಿ ಹೋಟೆಲ್’, ‘ಟಿಫನ್ ಸೆಂಟರ್’ ಎಂದು ಬೇರೆಬೇರೆಯಾಗಿ ಹುಡುಕಿ. ನಕ್ಷತ್ರಗಳ ಸರಾಸರಿ ನಂಬಬೇಡಿ. ಹೊಸ ಹೋಟೆಲಿಗೆ ಮೊದಲ ತಿಂಗಳು ಪರಿಚಯದವರೇ ಐದೈದು ನಕ್ಷತ್ರ ಕೊಟ್ಟಿರುತ್ತಾರೆ. ವಿಮರ್ಶೆಗಳನ್ನು ಹೊಸತರಿಂದ ಹಳತಕ್ಕೆ ಜೋಡಿಸಿ, ಕಳೆದ ಮೂರು ತಿಂಗಳದ್ದು ಮಾತ್ರ ಓದಿ. ‘ಮೊದಲು ಚೆನ್ನಾಗಿತ್ತು’ ಎಂಬ ಮಾತು ಎರಡು ಮೂರು ಕಡೆ ಕಂಡರೆ ಅಡುಗೆಯವರು ಬದಲಾಗಿದ್ದಾರೆ ಎಂದೇ ಅರ್ಥ. ಫೋಟೋಗಳಲ್ಲಿ ಮೆನು ಬೋರ್ಡು ಹುಡುಕಿ ಬೆಲೆ ನೋಡಿಕೊಳ್ಳಿ, ಫೋಟೋದ ತಾರೀಖನ್ನೂ ನೋಡಿ.

ಹೊತ್ತು ನೋಡಿ ಹೋಗಿ

ಅಗ್ಗದ ಹೋಟೆಲಿನಲ್ಲಿ ರುಚಿ ಅರ್ಧ ಕೈಯದು, ಇನ್ನರ್ಧ ಹೊತ್ತಿನದು. ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಮಾಡಿಟ್ಟು ಬಡಿಸುವ ಕಡೆ ಮೊದಲ ಗಂಟೆಯ ಊಟಕ್ಕೂ ಮೂರನೇ ಗಂಟೆಯ ಊಟಕ್ಕೂ ಅಜಗಜಾಂತರ.

ತಿಂಡಿ ಗಾಡಿಗಳು ಬೆಳಿಗ್ಗೆ ಏಳರ ಹೊತ್ತಿಗೆ ಬಂದು ನಿಲ್ಲುತ್ತವೆ. ಚಿತ್ರಾನ್ನ, ಪಲಾವ್, ಇಡ್ಲಿ, ಪುಳಿಯೋಗರೆ ಮನೆಯಲ್ಲೇ ನಸುಕಿನಲ್ಲಿ ಮಾಡಿ ತಂದಿರುತ್ತಾರೆ. ಒಂಬತ್ತರೊಳಗೆ ಹೋದರೆ ಬಿಸಿ ಸಿಗುತ್ತದೆ. ಹತ್ತಕ್ಕೆ ಖಾಲಿಯಾಗಿ ಹೊರಟುಹೋಗುವ ಗಾಡಿ ಒಳ್ಳೆಯ ಗಾಡಿ. ಹನ್ನೆರಡಾದರೂ ಪಾತ್ರೆಯಲ್ಲಿ ಪಲಾವ್ ಉಳಿದಿದ್ದರೆ ಮುಟ್ಟಬೇಡಿ. ಮಾಡಿಟ್ಟ ಅನ್ನ ಬೆಚ್ಚಗಿನ ಹದದಲ್ಲಿ ಗಂಟೆಗಟ್ಟಲೆ ಕೂತರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸಂಜೆಯ ಎಗ್‌ರೈಸ್ ತಿಂದು ರಾತ್ರಿ ವಾಂತಿ ಮಾಡಿಕೊಳ್ಳುವವರಲ್ಲಿ ಹಲವರಿಗೆ ತೊಂದರೆ ಕೊಡುವುದು ಮೊಟ್ಟೆಯಲ್ಲ, ಬೆಳಗಿನ ಅನ್ನ.

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಯಿಂದ ಒಂದೂಕಾಲು ಸರಿಯಾದ ಹೊತ್ತು. ಒಂದೂವರೆಗೆ ಆಫೀಸಿನವರ ನೂಕುನುಗ್ಗಲು, ಸಾಂಬಾರಿಗೆ ಬಿಸಿನೀರು ಸೇರುವ ಹೊತ್ತೂ ಅದೇ. ಫ್ಯಾಕ್ಟರಿ ಗೇಟಿನ ಕಡೆ ಲೆಕ್ಕ ಬೇರೆ. ಬೆಳಗಿನ ಪಾಳಿ ಮಧ್ಯಾಹ್ನ ಎರಡಕ್ಕೆ ಬಿಡುವ ಕಡೆಗಳಲ್ಲಿ ಹೋಟೆಲಿನವರು ಎರಡನೇ ಸಲ ಅನ್ನ ಇಡುತ್ತಾರೆ. ಎರಡೂ ಹತ್ತಕ್ಕೆ ಹೋದರೆ ಹೊಸ ಅನ್ನ, ಹೊಸ ಸಾರು. ಗೇಟಿನ ಸೆಕ್ಯುರಿಟಿಯವರನ್ನು ‘ಅಣ್ಣ, ಪಾಳಿ ಎಷ್ಟು ಗಂಟೆಗೆ ಬಿಡುತ್ತೆ? ನೀವು ಎಲ್ಲಿ ಊಟ ಮಾಡ್ತೀರ?’ ಎಂದು ಕೇಳಿ. ಎರಡೂ ಪ್ರಶ್ನೆಗೆ ಅವರಷ್ಟು ಸರಿಯಾಗಿ ಉತ್ತರ ಹೇಳುವವರು ಇನ್ನಿಲ್ಲ, ಹನ್ನೆರಡು ಗಂಟೆ ಅಲ್ಲೇ ನಿಲ್ಲುವವರು ಅವರು. ಆಟೋ ಚಾಲಕರನ್ನು ಕೇಳುವಾಗ ‘ಒಳ್ಳೆ ಹೋಟೆಲ್ ಎಲ್ಲಿದೆ?’ ಎನ್ನಬೇಡಿ, ನಿಮ್ಮ ಬ್ಯಾಗು ನೋಡಿ ಎ.ಸಿ. ಹೋಟೆಲು ತೋರಿಸುತ್ತಾರೆ. ‘ಇವತ್ತು ಬೆಳಿಗ್ಗೆ ನೀವು ತಿಂಡಿ ಎಲ್ಲಿ ತಿಂದ್ರಿ?’ ಎಂದು ಕೇಳಿ.

ಶನಿವಾರ, ಭಾನುವಾರದ ಬಗ್ಗೆ ಎಚ್ಚರ. ಟೆಕ್ ಪಾರ್ಕಿನ ಸುತ್ತಲಿನ ಹೋಟೆಲುಗಳಿಗೆ ಆ ಎರಡು ದಿನ ವ್ಯಾಪಾರವಿಲ್ಲ, ಮಾಡಿದ್ದು ಬೇಗ ಖಾಲಿಯಾಗುವುದಿಲ್ಲ. ವಾರಾಂತ್ಯದಲ್ಲಿ ಮನೆಗಳಿರುವ ಬಡಾವಣೆಯ ಹೋಟೆಲಿಗೆ ಹೋಗಿ.

ಹೊರಗೆ ಹತ್ತು ನಿಮಿಷ ನಿಲ್ಲಿ

ಒಳಗೆ ಹೋಗುವ ಮೊದಲು ಎದುರಿಗೆ ನಿಂತು ನೋಡಿ. ತಿನ್ನುತ್ತಿರುವವರು ಒಂಟಿಯಾಗಿ ಬಂದು, ಮೆನು ನೋಡದೆ, ಬೇಗ ತಿಂದು ಹೋಗುತ್ತಿದ್ದಾರೆಯೇ? ಹಾಗಿದ್ದರೆ ದಿನದ ಗಿರಾಕಿಗಳು. ಸಪ್ಲೈಯರ್ ಕೇಳದೆಯೇ ಒಬ್ಬರ ಮುಂದೆ ತಟ್ಟೆ ತಂದಿಟ್ಟರೆ ಇನ್ನೂ ಒಳ್ಳೆಯದು. ತಟ್ಟೆಯಲ್ಲಿ ಏನು ಬಿಟ್ಟು ಏಳುತ್ತಾರೆ ಎಂದು ನೋಡಿ. ಚಟ್ನಿ ಎಲ್ಲರೂ ಬಿಟ್ಟಿದ್ದರೆ ಅದರಲ್ಲಿ ಏನೋ ಕೆಟ್ಟಿದೆ. ಹತ್ತು ನಿಮಿಷದಲ್ಲಿ ಕಾವಲಿಯಿಂದ ಎಷ್ಟು ದೋಸೆ ಇಳಿದವು, ಇಡ್ಲಿ ಪಾತ್ರೆ ಒಮ್ಮೆಯಾದರೂ ತೆರೆಯಿತೇ ಎಂದು ಗಮನಿಸಿ. ಖಾಲಿ ಹೋಟೆಲಿನ ಒಳ್ಳೆಯ ಅಡುಗೆಗಿಂತ ತುಂಬಿದ ಹೋಟೆಲಿನ ಸಾಧಾರಣ ಅಡುಗೆ ಹೊಟ್ಟೆಗೆ ಕ್ಷೇಮ.

ಆಮೇಲೆ ತಟ್ಟೆ ತೊಳೆಯುವ ಜಾಗ. ಹರಿಯುವ ನಲ್ಲಿ ನೀರಿನಲ್ಲಿ ತೊಳೆಯುತ್ತಿದ್ದರೆ ಸರಿ. ಒಂದೇ ಬಕೆಟ್‌ನಲ್ಲಿ ಮುಳುಗಿಸಿ ತೆಗೆಯುತ್ತಿದ್ದರೆ ಅಡಿಕೆ ಹಾಳೆ ತಟ್ಟೆಯಲ್ಲಿ ಕೇಳಿ, ಇಲ್ಲವೇ ನಿಮ್ಮ ಸ್ಟೀಲ್ ಡಬ್ಬಿ ಕೊಡಿ. ಸ್ಟೀಲ್ ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕುದಿಯುವ ಸಾಂಬಾರು ಸುರಿಯುವ ಪದ್ಧತಿ ಹಲವು ಗಾಡಿಗಳಲ್ಲಿದೆ. ನೀರು ಉಳಿಸಲು ಹಾಗೆ ಮಾಡುತ್ತಾರೆ, ಆದರೆ ಬಿಸಿ ಪದಾರ್ಥಕ್ಕೆ ಅದು ಸಲ್ಲದು. ಡಬ್ಬಿ ಒಯ್ದರೆ ಈ ಎರಡೂ ಚಿಂತೆ ಇಲ್ಲ, ಪಾರ್ಸಲ್‌ಗೆಂದು ಹಿಡಿಯುವ ಐದು ಹತ್ತು ರೂಪಾಯಿಯೂ ಉಳಿಯುತ್ತದೆ.

ಮೊದಲ ಸಲ ಏನು ತರಿಸಬೇಕು?

ಹೊಸ ಜಾಗದಲ್ಲಿ ಮೊದಲ ಸಲ ಹೊಟ್ಟೆ ತುಂಬಾ ತರಿಸಬೇಡಿ. ಆ ಹೋಟೆಲಿನ ಅತಿ ಸಾದಾ ಐಟಂ ಒಂದನ್ನು ತರಿಸಿ. ಸಾದಾ ಅಡುಗೆಯಲ್ಲಿ ಮಸಾಲೆ, ಬೆಣ್ಣೆ, ಬಣ್ಣದ ಹಿಂದೆ ಅಡಗಿಕೊಳ್ಳಲು ಜಾಗವಿಲ್ಲ.

ದರ್ಶಿನಿಯಲ್ಲಿ ಒಂದು ಇಡ್ಲಿ, ಒಂದು ವಡೆ. ಇಡ್ಲಿಯನ್ನು ಕೈಯಿಂದ ಮುರಿಯಿರಿ. ಒಳಗಿನಿಂದ ಹಬೆ ಬರಬೇಕು, ಮುರಿದ ಭಾಗ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರಬೇಕು, ಬೆರಳಿಗೆ ಅಂಟಬಾರದು. ಹಳದಿ ಛಾಯೆಯಿದ್ದು ಘಾಟು ಹೊಡೆದರೆ ಹಿಟ್ಟು ಉಬ್ಬುವುದಕ್ಕೆ ಕಾಯದೆ ಸೋಡಾ ಸುರಿದಿದ್ದಾರೆ. ಅಂಥ ಇಡ್ಲಿ ತಿಂದ ಮೇಲೆ ಗಂಟೆಗಟ್ಟಲೆ ಬಾಯಾರುತ್ತದೆ. ಇಡ್ಲಿಯ ಬೆನ್ನು ತಿರುಗಿಸಿ ನೋಡಿ. ಬಟ್ಟೆಯ ನೇಯ್ಗೆಯ ಗುರುತು ಇದ್ದರೆ ಹತ್ತಿಬಟ್ಟೆಯ ಮೇಲೆ ಬೆಂದದ್ದು. ತೀರಾ ನುಣುಪಾಗಿದ್ದರೆ ಎಣ್ಣೆ ಸವರಿದ ಸ್ಟೀಲ್ ತಟ್ಟೆಯೂ ಇರಬಹುದು, ಪ್ಲಾಸ್ಟಿಕ್ ಹಾಳೆಯೂ ಇರಬಹುದು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವುದು ತಪಾಸಣೆಯಲ್ಲಿ ಕಂಡುಬಂದ ಮೇಲೆ 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸಿತು. ಆದ್ದರಿಂದ ‘ಬಟ್ಟೆ ಹಾಕ್ತೀರಾ, ಪ್ಲಾಸ್ಟಿಕ್ಕಾ?’ ಎಂದು ಕೇಳಲು ಸಂಕೋಚ ಬೇಡ. ವಡೆಯನ್ನು ಕಾಗದದ ಮೇಲಿಟ್ಟು ಮೆಲ್ಲಗೆ ಒತ್ತಿ. ಎಣ್ಣೆ ಹರಿದರೆ ಹಿಟ್ಟು ನೀರಾಗಿತ್ತು ಅಥವಾ ಎಣ್ಣೆ ಕಾದಿರಲಿಲ್ಲ.

ಚಟ್ನಿ ಹೋಟೆಲಿನ ಮನಸ್ಸು ತೋರಿಸುತ್ತದೆ. ತೆಂಗಿನಕಾಯಿ ಬೆಲೆ ಏರಿದಾಗ ಎಲ್ಲರೂ ಹುರಿಗಡಲೆ ಹೆಚ್ಚಿಸುತ್ತಾರೆ, ಅದು ಮೋಸವಲ್ಲ. ಕಡಲೆಬೀಜದ ಚಟ್ನಿ, ಕೆಂಪು ಚಟ್ನಿ ಮಾಡಿ ತೂಗಿಸುವವರೂ ಇದ್ದಾರೆ, ಅದೂ ಚೆನ್ನ. ತಪ್ಪೆಂದರೆ, ಬೆಳಿಗ್ಗೆ ಆರರ ಕಾಯಿ ಚಟ್ನಿಗೆ ಹನ್ನೊಂದಕ್ಕೆ ನೀರು ಬೆರೆಸಿ ಹಾಕುವುದು. ನಾಲಗೆಯ ತುದಿಗೆ ಇಟ್ಟಾಗ ಹುಳಿ ತಟ್ಟಿದರೆ ಅಲ್ಲಿಗೇ ಬಿಡಿ. ಬೇಸಿಗೆಯಲ್ಲಿ ಕಾಯಿ ಚಟ್ನಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ.

ಮುದ್ದೆ ಹೋಟೆಲಿನಲ್ಲಿ ಮುದ್ದೆ ಮತ್ತು ಬಸ್ಸಾರು ಅಥವಾ ಸೊಪ್ಪಿನ ಸಾರು. ಮುದ್ದೆ ಹೊಳೆಯಬೇಕು. ಒದ್ದೆ ಬೆರಳಿನಿಂದ ಮುರಿದರೆ ಕೈಗೆ ಹತ್ತಬಾರದು, ಒಳಗೆ ಬಿಳಿ ಹಿಟ್ಟಿನ ಗಂಟು ಇರಬಾರದು. ಗಂಟಿದ್ದರೆ ಸರಿಯಾಗಿ ಬೇಯಿಸದೆ, ತಿರುವದೆ ಇಳಿಸಿದ್ದಾರೆ, ಹೊಟ್ಟೆ ಭಾರ ಮಾಡುತ್ತದೆ. ‘ಅಕ್ಕ, ಮುದ್ದೆ ಈಗ ಕಟ್ಟಿದ್ದಾ?’ ಎಂದು ಕೇಳಿಯೇ ಕೂರಿ. ಮೂರು ಗಂಟೆಯ ನಂತರದ ಮುದ್ದೆ ಗಟ್ಟಿಯಾಗಿರುತ್ತದೆ. ಅವರೆಕಾಳಿನ ಕಾಲದಲ್ಲಿ, ಅಂದರೆ ಡಿಸೆಂಬರ್–ಜನವರಿಯಲ್ಲಿ, ಹಿತಕಿದ ಅವರೆಬೇಳೆ ಸಾರು ಮಾಡುವ ಜಾಗವನ್ನು ಬಿಡಬೇಡಿ.

ಮಾಂಸದೂಟಕ್ಕೆ ದಿನ ಮುಖ್ಯ. ಸೋಮವಾರ, ಶನಿವಾರ ತಿನ್ನದವರು ಈ ಕಡೆ ಬಹಳ. ಹಾಗಾಗಿ ಮಿಲಿಟರಿ ಹೋಟೆಲಿಗೆ ಮಂಗಳವಾರ, ಬುಧವಾರ, ಭಾನುವಾರ ಹೋಗಿ, ಮಾಲು ಅವತ್ತಿನದೇ ಇರುತ್ತದೆ. ಶ್ರಾವಣದಲ್ಲಿ ವ್ಯಾಪಾರ ಇಳಿಯುವುದರಿಂದ ಆ ತಿಂಗಳು ತುಂಬಿದ ಹೋಟೆಲಿಗೆ ಮಾತ್ರ ಹೋಗಿ. ಭಾನುವಾರ ಬೆಳಿಗ್ಗೆ ಏಳೂವರೆ ಎಂಟಕ್ಕೆ ಕಾಲು ಸೂಪು, ತಲೆಮಾಂಸ, ಇಡ್ಲಿ ಕೊಡುವ ಹೋಟೆಲು ಸಿಕ್ಕರೆ ಆ ಅಡುಗೆಯವರಿಗೆ ಕೆಲಸ ಗೊತ್ತಿದೆ ಎಂದೇ ತಿಳಿಯಿರಿ. ದೊನ್ನೆ ಬಿರಿಯಾನಿಯನ್ನು ಸಣ್ಣ ಅಕ್ಕಿಯಿಂದ ಗುರುತಿಸಿ. ಜೀರಿಗೆ ಸಾಂಬ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ, ಹದವಾಗಿ ಮೆತ್ತಗೆ. ಕೇಸರಿ ಬಣ್ಣ ಬಿದ್ದ ಉದ್ದಕ್ಕಿಯ ಅನ್ನಕ್ಕೆ ದೊನ್ನೆ ಕೊಟ್ಟ ಮಾತ್ರಕ್ಕೆ ಅದು ದೊನ್ನೆ ಬಿರಿಯಾನಿ ಆಗುವುದಿಲ್ಲ. ಮಾಂಸ ಕಡಿಮೆ ಬೇಕಿದ್ದರೆ ಕುಷ್ಕ ತೆಗೆದುಕೊಳ್ಳಿ. ಅದೇ ಹಂಡೆಯ ಅನ್ನ, ಬೆಲೆ ಸುಮಾರು ಅರ್ಧ.

ಆಂಧ್ರ ಮೆಸ್ಸಿನಲ್ಲಿ ಪಪ್ಪು, ಅಂದರೆ ಗಟ್ಟಿ ಬೇಳೆ, ಮತ್ತು ಎರಡನೇ ಸಲದ ಅನ್ನ ನೋಡಿ. ಮೊದಲ ಸಲ ಎಲ್ಲರೂ ಬಿಸಿ ಹಾಕುತ್ತಾರೆ. ಎರಡನೇ ಸಲವೂ ಬಿಸಿ ಅನ್ನ ಬಂದರೆ, ಪುಡಿಯ ಜೊತೆ ತುಪ್ಪ ಕೇಳದೆ ಹಾಕಿದರೆ ಆ ಮೆಸ್ಸು ಬಿಡಬೇಡಿ. ಕೇರಳ ಮೆಸ್ಸಿನಲ್ಲಿ ಕುಚಲಕ್ಕಿ ಅನ್ನ, ಮೀನು ಸಾರು ನೋಡಿ. ಮೀನಿನ ಫ್ರೈ ಬೇರೆಯಾಗಿ ದುಡ್ಡು ಕೊಟ್ಟು ತರಿಸುವ ಐಟಂ, ಬೆಲೆ ಮೊದಲೇ ಕೇಳಿ. ಬಂಗಾಳಿ ಹೋಟೆಲಿನಲ್ಲಿ ಮೀನಿನ ತುಂಡು ಎರಡು ಬಗೆ: ‘ಪೇಟಿ’ ಅಂದರೆ ಹೊಟ್ಟೆಯ ಭಾಗ, ಕೊಬ್ಬು ಜಾಸ್ತಿ, ಮುಳ್ಳು ಕಡಿಮೆ. ‘ಗಾದಾ’ ಅಂದರೆ ಬೆನ್ನಿನ ಭಾಗ, ಸಣ್ಣ ಮುಳ್ಳು ಜಾಸ್ತಿ. ಮುಳ್ಳು ಬಿಡಿಸುವ ರೂಢಿ ಇಲ್ಲದವರು ಪೇಟಿ ಎಂದೇ ಹೇಳಿ. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ‘ಬಿಸಿ ರೊಟ್ಟಿ ಐತೇನ್ರಿ?’ ಎಂದು ಕೇಳಿ. ಕಟಕ್ ರೊಟ್ಟಿ, ಅಂದರೆ ಒಣಗಿದ ಗರಿ ರೊಟ್ಟಿ, ಹೊರಗಿನಿಂದ ತರಿಸಿಟ್ಟದ್ದೂ ಇರಬಹುದು, ಬಿಸಿ ರೊಟ್ಟಿ ಬಡಿಯುವವರು ಒಳಗೆ ಇರಲೇಬೇಕು. ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು ಇದ್ದರೆ ಎರಡು ರೊಟ್ಟಿಯಲ್ಲೇ ಊಟ ಮುಗಿಯುತ್ತದೆ.

ಸಂಜೆ ಗಾಡಿಗಳಲ್ಲಿ ಎಣ್ಣೆ ನೋಡಿ. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆ ಇಳಿಯದೆ, ಬಜ್ಜಿ ಬಿಡುವ ಮೊದಲೇ ಹೊಗೆ ಏಳುತ್ತಿದ್ದರೆ ಅದು ಹಲವು ಸಲ ಕಾದ ಎಣ್ಣೆ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ, ಕಬಾಬ್‌ನಲ್ಲಿ ಹಾಕುವುದನ್ನು ಅದೇ ವರ್ಷದ ಜೂನ್‌ನಲ್ಲಿ ನಿಷೇಧಿಸಿದೆ. ಬಣ್ಣ ಹಾಕದ ಗೋಬಿ ಕಂದು ಬಣ್ಣಕ್ಕಿರುತ್ತದೆ. ಬೆರಳಿಗೆ ಹತ್ತಿದ ಕೆಂಪು ಸೋಪಿನಲ್ಲಿ ತೊಳೆದರೂ ಹೋಗದಿದ್ದರೆ ಆ ಗಾಡಿ ಬೇಡ.

ಅಯ್ಯಂಗಾರ್ ಬೇಕರಿಯ ಖಾರಾ ಬನ್, ಪಫ್ ಸಂಜೆಯ ಹಸಿವಿಗೆ ಸರಿ. ಅದನ್ನೇ ಊಟ ಮಾಡಿಕೊಳ್ಳಬೇಡಿ.

ಬೆಲೆಯನ್ನು ಐಟಂನಿಂದ ಅಳೆಯಬೇಡಿ, ಹೊಟ್ಟೆಯಿಂದ ಅಳೆಯಿರಿ

ಇನ್ನೂರೈವತ್ತರ ಬಿರಿಯಾನಿ ದುಬಾರಿ, ಎಪ್ಪತ್ತರ ದೋಸೆ ಅಗ್ಗ ಎಂದು ಕಾಣುತ್ತದೆ. ದೋಸೆ ತಿಂದು ಹನ್ನೊಂದಕ್ಕೆ ಮತ್ತೆ ಹಸಿದು ಪಫ್, ಟೀ ತೆಗೆದುಕೊಂಡರೆ ನೂರು ದಾಟಿತು. ಯಾವುದು ತಿಂದರೆ ಮುಂದಿನ ಊಟದವರೆಗೆ ಹಸಿವಾಗಲಿಲ್ಲ ಎಂದು ವಾರವಿಡೀ ಬರೆದಿಡಿ. ಮುದ್ದೆ, ರೊಟ್ಟಿ, ಬೇಳೆ, ಮೊಟ್ಟೆ ಇರುವ ಊಟ ಹೆಚ್ಚು ಹೊತ್ತು ತಡೆಯುತ್ತದೆ. ಮೈದಾ ಪರೋಟ, ಬಿಳಿ ಅನ್ನದ ಚಿತ್ರಾನ್ನ ಬೇಗ ಕರಗುತ್ತವೆ.

ಈ ಭಾಗದಲ್ಲಿ ಈಗ ಸುಮಾರಾಗಿ ಗಾಡಿಯ ತಿಂಡಿ 40–50 ರೂಪಾಯಿ, ದರ್ಶಿನಿಯ ಇಡ್ಲಿ ವಡೆ 50–70, ಪ್ಲೇಟ್ ಮೀಲ್ಸ್ 80–120, ಮೆಸ್ಸಿನ ಫುಲ್ ಮೀಲ್ಸ್ 120–180, ಕಾಫಿ 15–20. ಬೆಳಿಗ್ಗೆ ಗಾಡಿಯಲ್ಲಿ 45, ಮಧ್ಯಾಹ್ನ ಪ್ಲೇಟ್ ಮೀಲ್ಸ್ 90, ರಾತ್ರಿ ಮುದ್ದೆ ಅಥವಾ ಚಪಾತಿ ಊಟ 80, ಎರಡು ಕಾಫಿ 30 ಎಂದರೆ ದಿನಕ್ಕೆ 245, ತಿಂಗಳಿಗೆ 7,350 ರೂಪಾಯಿ. ವಾರಕ್ಕೊಂದು ಬಿರಿಯಾನಿ ಸೇರಿಸಿದರೂ ಎಂಟೂವರೆ ಸಾವಿರದ ಒಳಗೇ ಇರುತ್ತದೆ. ಇಬ್ಬರು ಸೇರಿ ಒಂದು ಫುಲ್ ಮೀಲ್ಸ್ ಹಂಚಿಕೊಳ್ಳಲು ಎಲ್ಲೂ ಬಿಡುವುದಿಲ್ಲ, ಆದರೆ ಕಾಫಿ ಬೈಟು ಎಲ್ಲ ಕಡೆ ಸಲೀಸು.

ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಲೆಕ್ಕವೇ ಬದಲಾಗುತ್ತದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ನಿಗದಿಯಾದ ಬೆಲೆ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಇಷ್ಟೇ ಪ್ಲೇಟ್ ಎಂಬ ಮಿತಿ ಇರುತ್ತದೆ, ಟೋಕನ್ ಮುಗಿದರೆ ಮುಗಿಯಿತು. ಬಾಗಿಲು ತೆರೆಯುವ ಹತ್ತು ಹದಿನೈದು ನಿಮಿಷ ಮೊದಲೇ ಸಾಲಿನಲ್ಲಿ ನಿಲ್ಲಿ, ಚಿಲ್ಲರೆ ಕೈಯಲ್ಲಿರಲಿ. ಅಡುಗೆ ಕ್ಯಾಂಟೀನಿನಿಂದ ಕ್ಯಾಂಟೀನಿಗೆ ಬೇರೆ, ಗುತ್ತಿಗೆದಾರರು ಬೇರೆ ಬೇರೆ.

ಬಿಲ್ಲು, ಲೈಸೆನ್ಸು, ಆ್ಯಪ್

ಕ್ಯಾಷ್ ಕೌಂಟರಿನ ಹಿಂದೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ತೂಗುಹಾಕಿರಬೇಕು. ಅದರ ಸಂಖ್ಯೆ 14 ಅಂಕಿಯದು. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಸಣ್ಣ ವ್ಯಾಪಾರಿಗಳ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ಅಂಕಿ ಪಡೆದ ವರ್ಷ. 2022ರಿಂದ ಬಿಲ್ಲಿನ ಮೇಲೂ ಈ ಸಂಖ್ಯೆ ಇರಬೇಕೆಂಬ ನಿಯಮವಿದೆ. ಊಟ ಕೆಟ್ಟಿದ್ದರೆ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಲು ಇದೇ ಸಂಖ್ಯೆ ಬೇಕಾಗುತ್ತದೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕಿದ್ದರೆ 15 ಅಕ್ಷರದ ನೋಂದಣಿ ಸಂಖ್ಯೆಯೂ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸಾಮಾನ್ಯ ಹೋಟೆಲಿಗೆ ಅದು ಶೇ 5. ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಸೇವಾ ಶುಲ್ಕ ಕಡ್ಡಾಯವಲ್ಲ, ತೆಗೆಯಿರಿ ಎಂದರೆ ತೆಗೆಯಬೇಕು. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915.

ಆ್ಯಪ್‌ನಲ್ಲಿ ತರಿಸುವಾಗ ಅದೇ ಹೋಟೆಲಿನ ಕೌಂಟರ್ ಬೆಲೆಯ ಜೊತೆ ಒಮ್ಮೆ ಹೋಲಿಸಿ. ಹೋಟೆಲಿನವರು ಆ್ಯಪ್‌ಗೆ ಕೊಡುವ ಕಮಿಷನ್ ಸರಿದೂಗಿಸಲು ಐಟಂ ಬೆಲೆಯನ್ನೇ ಏರಿಸಿರುತ್ತಾರೆ, ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ. ನಡೆದು ಹೋಗಲಾಗದ ದಿನ ಹೋಟೆಲಿಗೇ ಫೋನ್ ಮಾಡಿ, ಒಂದು ಕಿಲೋಮೀಟರಿನೊಳಗೆ ಹುಡುಗನ ಕೈಯಲ್ಲಿ ಕಳಿಸುವವರು ಇದ್ದಾರೆ. ದೋಸೆ, ಬಜ್ಜಿ, ಪೂರಿಯನ್ನು ಪಾರ್ಸಲ್ ತರಿಸಬೇಡಿ, ಹಬೆಗೆ ಮೆತ್ತಗಾಗುತ್ತವೆ. ಪಾರ್ಸಲ್‌ಗೆ ಹೊಂದುವುದು ಬಿಸಿಬೇಳೆಬಾತ್, ಚಪಾತಿ, ಮುದ್ದೆ, ಬಿರಿಯಾನಿ.

ಮೂರು ಸಲ ಹೋಗಿ ತೀರ್ಮಾನಿಸಿ

ಒಂದೇ ಊಟದಿಂದ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿಗೆ ಮೂರು ಸಲ ಹೋಗಿ. ಮೂರೂ ಸಲ ಸಾರು ಒಂದೇ ಹದದಲ್ಲಿದ್ದರೆ ಅಡುಗೆಯವರು ನಿಂತಿದ್ದಾರೆ ಎಂದರ್ಥ. ಹೋಟೆಲಿನ ಬಾಗಿಲಲ್ಲಿ ‘ಅಡುಗೆಯವರು ಬೇಕಾಗಿದ್ದಾರೆ’ ಎಂಬ ಚೀಟಿ ಅಂಟಿಸಿದ್ದರೆ ಮುಂದಿನ ತಿಂಗಳು ಮತ್ತೆ ಪರೀಕ್ಷಿಸಿ.

ಮೆಸ್ಸಿಗೆ ತಿಂಗಳ ದುಡ್ಡು ಮುಂಗಡ ಕೊಡುವ ಮೊದಲು ಒಂದು ವಾರದ ಕೂಪನ್ ಕೇಳಿ. ಕೇಳಬೇಕಾದದ್ದು ನಾಲ್ಕು: ಭಾನುವಾರ ರಾತ್ರಿ ಊಟ ಉಂಟೇ? ಊರಿಗೆ ಹೋದ ದಿನಗಳ ದುಡ್ಡು ಕಳೆಯುತ್ತೀರಾ, ಎಷ್ಟು ದಿನ ಮೊದಲು ಹೇಳಬೇಕು? ಪಲ್ಯ ಎರಡನೇ ಸಲ ಹಾಕುತ್ತೀರಾ? ರಾತ್ರಿ ಎಷ್ಟು ಗಂಟೆಯವರೆಗೆ? ಎರಡನೇ ಪ್ರಶ್ನೆಯಲ್ಲೇ ಹೆಚ್ಚಿನ ಜಗಳ ಹುಟ್ಟುವುದು. ಉತ್ತರವನ್ನು ಕೂಪನ್ ಚೀಟಿಯ ಹಿಂದೆ ಬರೆಸಿಕೊಳ್ಳಿ.

ಸಪ್ಲೈಯರ್ ಹುಡುಗರಲ್ಲಿ ಕೆಲವರು ಕುಂದಾಪುರ, ಹಾಸನದ ಕಡೆಯವರು, ಕೆಲವರು ಅಸ್ಸಾಂ, ಒಡಿಶಾ, ನೇಪಾಳದವರು. ಹೆಸರು ಕೇಳಿ ಮಾತಾಡಿಸಿ. ‘ಇವತ್ತು ಯಾವುದು ಬಿಸಿ ಇದೆ, ಯಾವುದು ಬೇಡ?’ ಎಂದು ನಂಬಿಕೆಯಿಂದ ಕೇಳಿದರೆ ಬಹುತೇಕ ಹುಡುಗರು ನಿಜ ಹೇಳುತ್ತಾರೆ. ಉಳಿದದ್ದು ಯಾವುದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕೊನೆಗೆ ಕೈಯಲ್ಲಿ ನಾಲ್ಕು ಜಾಗವಾದರೂ ಇರಲಿ: ಬೆಳಗಿನ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು, ರಾತ್ರಿಗೊಂದು, ಅವು ಮುಚ್ಚಿದಾಗ ಹೋಗಲು ಒಂದು. ಯುಗಾದಿ, ಗಣೇಶ ಹಬ್ಬ, ದಸರಾ, ದೀಪಾವಳಿಗೆ ಅಡುಗೆಯವರು ಊರಿಗೆ ಹೋಗುತ್ತಾರೆ, ನಾಲ್ಕೈದು ದಿನ ಸಣ್ಣ ಹೋಟೆಲುಗಳು ತೆರೆಯುವುದಿಲ್ಲ. ತೆರೆದರೂ ಬದಲಿ ಕೈಯ ಅಡುಗೆ. ಮಲಯಾಳಿ ಮೆಸ್ಸುಗಳು ಓಣಂಗೆ, ಆಂಧ್ರದವು ಸಂಕ್ರಾಂತಿಗೆ, ಬಂಗಾಳಿಗಳು ದುರ್ಗಾಪೂಜೆಗೆ ಬಾಗಿಲು ಹಾಕಬಹುದು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ತೆರೆದಿರುತ್ತಾರೆ. ಆದ್ದರಿಂದ ನಾಲ್ಕೂ ಒಂದೇ ಊರಿನವರ ಹೋಟೆಲು ಆಗದಂತೆ ಆರಿಸಿ, ಹಬ್ಬಕ್ಕೆ ಎರಡು ದಿನ ಮೊದಲೇ ‘ಅಣ್ಣ, ಯಾವತ್ತಿಂದ ರಜೆ?’ ಎಂದು ಕೇಳಿಕೊಳ್ಳಿ.